ಸ್ನಾಯು ಬಿಗಿಯುವುದು ಹೇಗೆ? 12 ನ್ಯಾನೊಮೀಟರ್ ಸಂದಿಯ ಕಥೆ

ಹೃದಯ ಮಿಡಿಯಲು ಕೋಶದ ಹೊರಗಿನ ಕ್ಯಾಲ್ಸಿಯಂ ಬೇಕೇ ಬೇಕು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1883ರಲ್ಲೇ ಇದನ್ನು ಬರೆದಿದ್ದರು. ಅದು ತಿಳಿದದ್ದೂ ಆಕಸ್ಮಿಕವಾಗಿ. ಕಪ್ಪೆಯ ಹೃದಯಕ್ಕೆ ಉಣಿಸಿದ ಉಪ್ಪುನೀರನ್ನು ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರಿನಲ್ಲಿ ಮಾಡಿದ್ದರು. ಆ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು.

ಕೈಕಾಲಿನ ಸ್ನಾಯು ಹಾಗಲ್ಲ. 1972ರಲ್ಲಿ ಆರ್ಮ್‌ಸ್ಟ್ರಾಂಗ್, ಬೆಜಾನಿಲಾ, ಹೊರೊವಿಟ್ಸ್ ಎಂಬ ಮೂವರು ಕಪ್ಪೆಯ ಸ್ನಾಯು ಎಳೆಗಳ ಸುತ್ತಲಿನ ಕ್ಯಾಲ್ಸಿಯಂ ಅನ್ನು ಹೆಚ್ಚೂಕಡಿಮೆ ಪೂರ್ತಿ ತೆಗೆದರು. ಆದರೂ ವಿದ್ಯುತ್ ಕೊಟ್ಟಾಗಲೆಲ್ಲ ಎಳೆಗಳು ಬಿಗಿದವು.

ಹಾಗಾದರೆ ಕ್ಯಾಲ್ಸಿಯಂ ಬರುವುದು ಕೋಶದೊಳಗಿನ ಉಗ್ರಾಣದಿಂದಲೇ. ಅದರ ಹೆಸರು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ. ಹೊರಬಂದ ಕ್ಯಾಲ್ಸಿಯಂ ಟ್ರೊಪೋನಿನ್ ಎಂಬ ಪ್ರೋಟೀನಿಗೆ ಅಂಟಿದರೆ ಸ್ನಾಯು ಬಿಗಿಯುತ್ತದೆ. ಇಷ್ಟನ್ನು ಜಪಾನಿನ ಸೆತ್ಸುರೊ ಎಬಾಶಿ 1960ರ ದಶಕದಲ್ಲೇ ತೋರಿಸಿದ್ದರು. ತೊಡಕಿದ್ದದ್ದು ಅದಕ್ಕೂ ಮುಂಚಿನ ಹಂತದಲ್ಲಿ. ನರದ ಸಂಕೇತ ಕೋಶದ ಹೊರಪೊರೆಯಲ್ಲೂ, ಆ ಪೊರೆ ಒಳಕ್ಕೆ ಮಡಚಿಕೊಂಡು ಆದ ಟಿ ನಾಳಗಳಲ್ಲೂ ಹರಿಯುತ್ತದೆ. ಉಗ್ರಾಣ ಇರುವುದು ಆಚೆಗೆ. ನಡುವೆ ಸುಮಾರು 12 ನ್ಯಾನೊಮೀಟರ್ ಸಂದಿ. ಅದನ್ನು ಸುದ್ದಿ ದಾಟುವುದು ಹೇಗೆ?

1970ರಲ್ಲಿ ಕ್ಲಾರಾ ಫ್ರಾಂಜಿನಿ-ಆರ್ಮ್‌ಸ್ಟ್ರಾಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಸಂದಿಯೊಳಗೆ ಸಾಲು ಸಾಲು ‘ಪಾದ’ಗಳನ್ನು ಗುರುತಿಸಿದರು. ಮೂರು ವರ್ಷಗಳ ನಂತರ ಷ್ನೈಡರ್ ಮತ್ತು ಚಾಂಡ್ಲರ್, ಟಿ ನಾಳದ ಪೊರೆಯಲ್ಲಿ ವೋಲ್ಟೇಜ್‌ಗೆ ತಕ್ಕಂತೆ ಸ್ವಲ್ಪ ವಿದ್ಯುದಾವೇಶ ಸರಿದಾಡುವುದನ್ನು ಅಳೆದರು. ಅವರ ಊಹೆ ಸರಳ: ಈ ಕಡೆ ಕಡ್ಡಿ ಎಳೆದರೆ ಆ ಕಡೆ ಬಿರಡೆ ಬಿಚ್ಚಿಕೊಂಡಂತೆ. ಯಾವುದೋ ರಾಸಾಯನಿಕ ದೂತ ಸಂದಿ ದಾಟುತ್ತದೆ ಎಂದು ವಾದಿಸುವವರು ಆಗ ಇದ್ದೇ ಇದ್ದರು. ಬಿರಡೆಯ ಮಾತು ಒರಟಾಗಿ ಕೇಳಿಸುತ್ತದೆ, ನಿಜ. ಆದರೆ ಗೆದ್ದದ್ದು ಅದೇ.

ಆ ಕಡ್ಡಿ ಮತ್ತು ಬಿರಡೆಯ ಕೆಲಸ ಮಾಡುವ ಎರಡೂ ಪ್ರೋಟೀನುಗಳು ಸಿಕ್ಕದ್ದು ಔಷಧ ಮತ್ತು ವಿಷಗಳ ನೆರವಿನಿಂದ. ಟಿ ನಾಳದಲ್ಲಿರುವ ಪ್ರೋಟೀನು ಬಿಪಿ ಮಾತ್ರೆ ಅಮ್ಲೋಡಿಪಿನ್ ಸೇರಿರುವ ಔಷಧ ಗುಂಪಿಗೆ ಅಂಟಿಕೊಳ್ಳುತ್ತದೆ. ಅದನ್ನು ಬೇರ್ಪಡಿಸಲು ಆ ಗುಣವೇ ಸಾಕಾಯಿತು. ಉಗ್ರಾಣದ ಪೊರೆಯ ಪ್ರೋಟೀನು ರಯಾನೊಡಿನ್‌ಗೆ ಅಂಟುತ್ತದೆ. ಅದು ಅಮೆರಿಕದ ಉಷ್ಣವಲಯದ ಒಂದು ಗಿಡದ ವಿಷ, ಹಿಂದೆ ಕೀಟನಾಶಕವಾಗಿ ಬಳಸುತ್ತಿದ್ದರು. 1980ರ ದಶಕದ ಕೊನೆಗೆ ಗೊತ್ತಾಯಿತು: ‘ಪಾದ’ ಅಂದರೆ ರಯಾನೊಡಿನ್‌ಗೆ ಅಂಟುವ ಈ ಪ್ರೋಟೀನೇ (ಹೆಸರು ರಯಾನೊಡಿನ್ ರಿಸೆಪ್ಟರ್), ಕ್ಯಾಲ್ಸಿಯಂ ಹೊರಬರುವ ಬಾಗಿಲೂ ಅದೇ.

ನನಗೆ ಜಾಸ್ತಿ ಇಷ್ಟವಾದದ್ದು ಇಲಿಗಳ ಪ್ರಯೋಗ. ಒಂದು ತಳಿಯ ಇಲಿಮರಿಗಳಿಗೆ ಟಿ ನಾಳದ ಈ ಪ್ರೋಟೀನೇ ಇರುವುದಿಲ್ಲ. ಉಸಿರಾಡಲಾಗದೆ ಹುಟ್ಟುವಾಗಲೇ ಸಾಯುತ್ತವೆ. ತನಾಬೆ, ಬೀಮ್, ನುಮಾ ಮತ್ತು ಸಂಗಡಿಗರು 1988ರಲ್ಲಿ ಅವುಗಳ ಸ್ನಾಯು ಕೋಶಗಳಿಗೆ ಆ ಜೀನ್ ಸೇರಿಸಿದರು. ಕೋಶಗಳು ಮತ್ತೆ ಬಿಗಿಯತೊಡಗಿದವು. ಆಮೇಲೆ ಅದೇ ಪ್ರೋಟೀನಿನ ಹೃದಯದ ರೂಪವನ್ನು ಹಾಕಿ ನೋಡಿದರು. ಆಗಲೂ ಬಿಗಿದವು, ಆದರೆ ಹೃದಯದ ರೀತಿಯಲ್ಲಿ: ಹೊರಗಿನ ಕ್ಯಾಲ್ಸಿಯಂ ಇದ್ದರೆ ಮಾತ್ರ. 1990ರಲ್ಲಿ ಆ ಹೃದಯದ ಪ್ರೋಟೀನಿನ ಒಂದೇ ಒಂದು ಕುಣಿಕೆಯನ್ನು ತೆಗೆದು ಕೈಕಾಲಿನ ಸ್ನಾಯುವಿನದ್ದನ್ನು ಜೋಡಿಸಿದರು. ಹೊರಗಿನ ಕ್ಯಾಲ್ಸಿಯಂ ಇಲ್ಲದೆಯೂ ಕೆಲಸ ನಡೆಯಿತು!

ಅಂದರೆ ಸಂದಿಯ ಎರಡು ಕಡೆಯ ಪ್ರೋಟೀನುಗಳೂ ಒಂದಕ್ಕೊಂದು ತಗುಲಿಕೊಂಡೇ ಕೆಲಸ ಮಾಡುತ್ತವೆ. ಅವೆರಡೇ ಸಾಲವು ಎಂಬುದು ಗೊತ್ತಾದದ್ದು ತಡವಾಗಿ. 2017ರಲ್ಲಿ ಬೀಮ್ ಅವರ ತಂಡ, ಸ್ನಾಯುವಿಗೆ ಸಂಬಂಧವೇ ಇಲ್ಲದ ಕೋಶಗಳಲ್ಲಿ ಈ ಇಡೀ ವ್ಯವಸ್ಥೆಯನ್ನು ಕಟ್ಟಿತು. ಬೇಕಾದದ್ದು ಐದು ಪ್ರೋಟೀನು: ಆ ಎರಡು, ಜೊತೆಗೆ ಬೀಟಾ-1ಎ, ಸ್ಟ್ಯಾಕ್-3, ಮತ್ತು ಎರಡು ಪೊರೆಗಳನ್ನು ಹತ್ತಿರ ಹಿಡಿದಿಡುವ ಜಂಕ್ಟೊಫಿಲಿನ್.

ಬಾಗಿಲು ಹದ ತಪ್ಪಿದರೆ ಏನಾಗುತ್ತದೆ ಎಂಬುದು ವೈದ್ಯರಿಗೆ ಬಹಳ ಮೊದಲೇ ಕಂಡಿತ್ತು. 1960ರಲ್ಲಿ ಮೆಲ್ಬರ್ನ್‌ನಿಂದ ಒಂದು ವರದಿ ಬಂತು. ಕಾಲು ಮುರಿದಿದ್ದ ಒಬ್ಬ ಯುವಕನಿಗೆ ಅರಿವಳಿಕೆ ಅಂದರೆ ಭಯ. ಸುಮ್ನೆ ಅಲ್ಲ, ಅವನ ಹತ್ತು ಬಂಧುಗಳು ಅರಿವಳಿಕೆಯಿಂದಲೇ ಸತ್ತಿದ್ದರು. ಈ ತೊಂದರೆಗೆ ಈಗ ಮಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂದು ಹೆಸರು. ಕೆಲವು ಅರಿವಳಿಕೆ ಅನಿಲಗಳಿಂದ ಬಾಗಿಲು ತೆರೆದೇ ಉಳಿದು, ಸ್ನಾಯು ಬಿಗಿದು, ಮೈ ಕಾವೇರುತ್ತದೆ. ಡ್ಯಾಂಟ್ರೊಲೀನ್ ಎಂಬ ಔಷಧ ಕ್ಯಾಲ್ಸಿಯಂ ಬಿಡುಗಡೆಯನ್ನು ತಗ್ಗಿಸಿ ಜೀವ ಉಳಿಸುತ್ತದೆ. ಇದಕ್ಕೆ ಕಾರಣವೆಂದು ಗುರುತಿಸಿರುವ ಜೀನ್‌ಗಳು ಮೂರು: ರಯಾನೊಡಿನ್ ರಿಸೆಪ್ಟರಿನದ್ದು, ಟಿ ನಾಳದ ಪ್ರೋಟೀನಿನದ್ದು ಮತ್ತು ಸ್ಟ್ಯಾಕ್-3. ಮೂರೂ ಆ ಐದರ ಪಟ್ಟಿಯಲ್ಲೇ ಇವೆ.