‘ದುಡ್ಡು ಬಂತಾ, ಹೋಯ್ತಾ?’: ಬ್ಯಾಂಕಿನ ಮಾತು ಜನರಿಂದ ದೂರವಾದ ಬಗೆ

ಬ್ಯಾಂಕಿನಿಂದ ಮೆಸೇಜ್ ಬಂದಾಗೆಲ್ಲ ಅಮ್ಮ ಫೋನ್ ಹಿಡಿದು ನನ್ನ ಹತ್ತಿರ ಬರುತ್ತಾಳೆ. ಕೇಳುವುದು ಒಂದೇ ಮಾತು: ‘ದುಡ್ಡು ಬಂತಾ, ಹೋಯ್ತಾ?’ ಮೊತ್ತ, ತಾರೀಖು, ಖಾತೆಯ ಕೊನೆಯ ನಾಲ್ಕು ಅಂಕಿ ಎಲ್ಲ ಅವಳೇ ಓದಿಕೊಳ್ಳುತ್ತಾಳೆ. ನಡುವೆ ಇಂಗ್ಲಿಷಿನಲ್ಲಿರುವ ‘ಡೆಬಿಟೆಡ್’, ಅಂದರೆ ದುಡ್ಡು ಹೋಯ್ತು ಅನ್ನುವ ಪದ ಮಾತ್ರ ಗೊತ್ತಾಗುವುದಿಲ್ಲ. ಇಡೀ ಮೆಸೇಜಿಗೆ ಮುಖ್ಯವಾದದ್ದೇ ಆ ಪದ, ಅಲ್ವಾ?

ಗಿರಾಕಿಗೆ ತಿಳಿಯುವ ಹಾಗೆ ಮಾತಾಡುವುದು ನಮ್ಮ ಬ್ಯಾಂಕುಗಳಿಗೆ ಹೊಸದೇನಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಶುರುವಾಯಿತು. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅದನ್ನು ಕಟ್ಟಿದ್ದು ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡು ಆಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಬ್ಯಾಂಕೇ ಎದುರು ನಿಂತು, ಲೆಕ್ಕ ಹೇಳಿ, ದುಡ್ಡು ಪಡೆಯುತ್ತಿತ್ತು. ಜಾಹೀರಾತಿಗಿಂತ ಇದು ದೊಡ್ಡದು ಅಂತ ನನಗನಿಸುತ್ತದೆ. ‘ಪಿಗ್ಮಿ ಕಟ್ಟೋದು’ ಈಗ ಕನ್ನಡದ್ದೇ ಮಾತಾಗಿಬಿಟ್ಟಿದೆ. ಸಂತೆಯಲ್ಲಿ ತರಕಾರಿ ಮಾರುವವರ ಬಾಯಲ್ಲೂ ಅದನ್ನು ಕೇಳಬಹುದು.

1969ರಲ್ಲಿ ಕೆನರಾ, ಸಿಂಡಿಕೇಟ್ ರಾಷ್ಟ್ರೀಕರಣವಾದವು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕ್. ಶಾಖೆಗಳು ಹಳ್ಳಿ ಹಳ್ಳಿಗೆ ಬಂದದ್ದು ಆಮೇಲೆಯೇ, ಅದನ್ನು ಮರೆಯಬಾರದು. ಆದರೆ ಆಫೀಸರುಗಳ ನೇಮಕ, ವರ್ಗಾವಣೆ ಅಖಿಲ ಭಾರತ ಮಟ್ಟಕ್ಕೆ ಹೋಯಿತು. 2011ರಿಂದ ಹೆಚ್ಚಿನ ಸರ್ಕಾರಿ ಬ್ಯಾಂಕುಗಳಿಗೆ ಒಂದೇ ಪರೀಕ್ಷೆ ಬಂತು, ಅದೂ ಇಂಗ್ಲಿಷ್, ಹಿಂದಿಯಲ್ಲಿ. ಆಮೇಲೆ ವಿಲೀನಗಳು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಮೂರೇ ವರ್ಷದಲ್ಲಿ ನಾಲ್ಕು ಹೆಸರು ಬೋರ್ಡಿನಿಂದ ಇಳಿದವು.

ನಿಯಮ ಇಲ್ಲ ಅಂತಲ್ಲ. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಎಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ರಾಜ್ಯದ ಭಾಷೆ ಮೂರರಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಚೆಕ್ ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಆದರೆ ಸುಮ್ನೆ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರೆ ಆಗುತ್ತಾ? ‘ನಾಮನಿರ್ದೇಶಿತ ವ್ಯಕ್ತಿಯ ವಿವರ’ ಅಂತಿದ್ದ ಒಂದು ಅರ್ಜಿಯ ಸಾಲಿನ ಮುಂದೆ ಅಮ್ಮ ಪೆನ್ನು ಹಿಡಿದು ಹಾಗೇ ಕೂತಿದ್ದಳು. ‘ನಿಮ್ಮ ನಂತರ ಈ ದುಡ್ಡು ಯಾರಿಗೆ ಸೇರಬೇಕಮ್ಮ?’ ಅಂತ ಪಕ್ಕದಲ್ಲಿದ್ದವರು ಕೇಳಿದರು. ತಕ್ಷಣ ತಂಗಿಯ ಹೆಸರು ಬರೆದಳು.

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ಚಂದಾಪುರದ ಶಾಖೆಯೊಂದರಲ್ಲಿ ಮ್ಯಾನೇಜರ್ ಒಬ್ಬರು ಕನ್ನಡ ಮಾತಾಡುವುದಿಲ್ಲ ಎಂದ ವಿಡಿಯೋ ಎಲ್ಲೆಡೆ ಹರಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಖಂಡಿಸಿದರು, ಆ ಮ್ಯಾನೇಜರ್ ವರ್ಗಾವಣೆಯೂ ಆಯಿತು. ಒಬ್ಬರನ್ನು ಬೇರೆ ಊರಿಗೆ ಕಳಿಸಿದರೆ ಅಲ್ಲಿಯ ಗಿರಾಕಿಗೇನು ಸಿಕ್ಕಿತು? ಗಂಟು ಇರುವುದು ನೇಮಕದಲ್ಲಿ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ ಹೇಳಿತು. 2021ರಲ್ಲಿ ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೂ ಕನ್ನಡದಲ್ಲಿ ಬರೆಯುವ ದಾರಿ ತೆರೆಯಿತು. ಆ ತೀರ್ಮಾನ ಗುಮಾಸ್ತರಿಗೆ ಮಾತ್ರ. ಸಾಲ ಕೊಡಬೇಕೋ ಬೇಡವೋ ಅಂತ ನೋಡುವ, ದೂರು ಕೇಳುವ ಮೇಜಿನ ಹಿಂದೆ ಕೂರುವುದು ಆಫೀಸರು.