ಏರ್‌ಪೋರ್ಟಲ್ಲಿ ಬಳೆ ತೂಗೋ ಜಗಳ ಶುರುವಾಗಿದ್ದು ಎಲ್ಲಿಂದ?

ವಿದೇಶದಿಂದ ಬಂದಿಳಿದು, ಗ್ರೀನ್ ಚಾನೆಲ್ಲಲ್ಲಿ (ಸುಂಕ ಕಟ್ಟೋ ಸಾಮಾನು ಇಲ್ಲ ಅನ್ನೋರು ಹೋಗೋ ದಾರಿ) ಟ್ರಾಲಿ ತಳ್ಕೊಂಡು ಹೋಗ್ತಿರೋರನ್ನ ನಿಲ್ಲಿಸಿ "ಕೈಲಿರೋ ಬಳೆ ಎಷ್ಟು ಗ್ರಾಂ, ಬಿಲ್ ಇದ್ಯಾ" ಅಂತ ಕೇಳಿದ್ರೆ ಎಂಥವರಿಗೂ ಪಿತ್ತ ನೆತ್ತಿಗೇರುತ್ತೆ. ಮದುವೇಲಿ ಅಮ್ಮ ಹಾಕಿದ ಬಳೆಗೆ ಬಿಲ್ ಎಲ್ಲಿಂದ ತರೋದು? ಆದ್ರೆ ಎದುರಿಗೆ ನಿಂತಿರೋ ಕಸ್ಟಮ್ಸ್ ಆಫೀಸರ್ ಸುಮ್‌ಸುಮ್ನೆ ಕೇಳ್ತಿಲ್ಲ, ಅವರ ಹಿಂದೆ ಒಂದು ರೂಲ್ ಇದೆ, ಆ ರೂಲಲ್ಲಿರೋ ನಂಬರ್‌ಗಳ ಕಥೆನೇ ಒಂಥರಾ ವಿಚಿತ್ರ.

ಹಳೇದನ್ನ ಬೇಗ ಮುಗಿಸ್ತೀನಿ. 1962ರಲ್ಲಿ ಕಸ್ಟಮ್ಸ್ ಆಕ್ಟ್, ಮರುವರ್ಷವೇ ಗೋಲ್ಡ್ ಕಂಟ್ರೋಲ್ ಅಂತ ಚಿನ್ನದ ಮೇಲೆ ಸರ್ಕಾರದ ನಿರ್ಬಂಧ, 1968ರಲ್ಲಿ ಅದಕ್ಕೇ ಒಂದು ಕಾಯ್ದೆ, 1990ರಲ್ಲಿ ಅದು ರದ್ದು, 1992ರಲ್ಲಿ ಎನ್‌ಆರ್‌ಐಗಳು ಡ್ಯೂಟಿ, ಅಂದ್ರೆ ಆಮದು ಸುಂಕ ಕಟ್ಟಿ ಐದು ಕಿಲೋ ತನಕ ಚಿನ್ನ ತರಬಹುದು ಅಂತ ಬಾಗಿಲು ತೆಗೆದ್ರು. ಆಗೆಲ್ಲ ಗಲ್ಫಿಂದ ಬರ್ತಿದ್ದ ನಮ್ಮ ಮಂಗಳೂರು, ಉಡುಪಿ ಕಡೆಯವರು ಬಾಂಬೆಯಲ್ಲಿ ಇಳಿದು, ವಿಸಿಆರು ಟೇಪ್ ರೆಕಾರ್ಡರು ಎಲ್ಲ ಬಿಚ್ಚಿ ತೋರಿಸಿ ಆಮೇಲೆ ಊರಿನ ಬಸ್ ಹತ್ತಬೇಕಿತ್ತು, ಮಂಗಳೂರಿಗೆ ದುಬೈಯಿಂದ ನೇರ ವಿಮಾನ ಬಂದಿದ್ದೇ 2006ರಲ್ಲಿ. ಆ ಕಾಲದಿಂದ ಇವತ್ತಿನ ತನಕ ಬದಲಾಗದೆ ಉಳಿದಿರೋದು ಕಸ್ಟಮ್ಸ್ ಆಕ್ಟಿನ 123ನೇ ಸೆಕ್ಷನ್. ಕಳ್ಳಸಾಗಣೆ ಅನುಮಾನದ ಮೇಲೆ ಚಿನ್ನ ವಶಪಡಿಸ್ಕೊಂಡ್ರೆ, ಅದು ಕಳ್ಳಮಾಲಲ್ಲ ಅಂತ ಸಾಬೀತು ಮಾಡೋ ಹೊಣೆ ಚಿನ್ನ ಇಟ್ಕೊಂಡವರದ್ದು.

ಅಸಲಿ ಗಂಟು ಇರೋದು ಡ್ಯೂಟಿ ಫ್ರೀ ಮಿತಿಯಲ್ಲಿ, ಅಂದ್ರೆ ಸುಂಕ ಕಟ್ಟದೆ ಎಷ್ಟು ತರಬಹುದು ಅನ್ನೋದರಲ್ಲಿ. ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದು ಬರೋ ಗಂಡಸರಿಗೆ ಹತ್ತು ಸಾವಿರ, ಹೆಂಗಸರಿಗೆ ಇಪ್ಪತ್ತು ಸಾವಿರ ರೂಪಾಯಿ ಒಡವೆ ಅಂತ ಇತ್ತು. 1991ರಲ್ಲಿ ಹತ್ತು ಗ್ರಾಂ ಚಿನ್ನ ಮೂರೂವರೆ ಸಾವಿರದ ಆಸುಪಾಸು, ಅಂದ್ರೆ ಹೆಂಗಸರು ಐವತ್ತು ಗ್ರಾಂಗಿಂತ ಜಾಸ್ತಿನೇ ಆರಾಮಾಗಿ ತರಬಹುದಿತ್ತು. ಚಿನ್ನ ಮೂವತ್ತು ಸಾವಿರಕ್ಕೆ ಹೋದ್ರೂ ರೂಲ್ ಮಾತ್ರ ಅಲ್ಲೇ ಕೂತಿತ್ತು, ಹತ್ತು ಸಾವಿರಕ್ಕೆ ಒಂದು ಸಣ್ಣ ಉಂಗುರ ಬಂದ್ರೆ ಹೆಚ್ಚು. ಕೊನೆಗೆ 2013ರ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಚಿದಂಬರಂ ಅವರೇ 1991ರ ನಂತರ ಇದನ್ನ ತಿದ್ದಿಲ್ಲ, ಪ್ರಯಾಣಿಕರು ಕಿರುಕುಳ ಅಂತ ದೂರ್ತಿದ್ದಾರೆ ಅಂತ ಒಪ್ಕೊಂಡು ಐವತ್ತು ಸಾವಿರ, ಒಂದು ಲಕ್ಷ ಮಾಡಿದ್ರು. ಇಪ್ಪತ್ತೆರಡು ವರ್ಷ!

2016ರಲ್ಲಿ ಹೊಸ ಬ್ಯಾಗೇಜ್ ರೂಲ್ಸ್ (ಪ್ರಯಾಣಿಕರು ತರೋ ಸಾಮಾನಿನ ಕಸ್ಟಮ್ಸ್ ನಿಯಮ) ಬಂದಾಗ ಇನ್ನೊಂದು ತಮಾಷೆ. ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಅಂತ ತೂಕ ಸೇರಿಸಿದ್ರು, ಆದ್ರೆ ಅದೇ ಐವತ್ತು ಸಾವಿರ, ಒಂದು ಲಕ್ಷದ ಬೆಲೆ ಮಿತಿನೂ ಉಳಿಸ್ಕೊಂಡ್ರು. ಆಗಲೇ 20 ಗ್ರಾಂಗೆ ಐವತ್ತು ಸಾವಿರ ದಾಟ್ತಿತ್ತು, ಅಂದ್ರೆ ಮೊದಲ ದಿನದಿಂದಲೇ ಎರಡು ಮಿತಿಗೂ ತಾಳಮೇಳ ಇಲ್ಲ. 2025ರಲ್ಲಿ ಹತ್ತು ಗ್ರಾಂ ಲಕ್ಷ ದಾಟಿದ ಮೇಲಂತೂ ಕಾಗದದ ಮೇಲಿನ 40 ಗ್ರಾಂ ಕೌಂಟರಲ್ಲಿ ಹತ್ತು ಗ್ರಾಂಗೂ ಕಮ್ಮಿ. ಪ್ರಯಾಣಿಕರು ತೂಕ ಓದ್ಕೊಂಡು ಬರ್ತಾರೆ, ಆಫೀಸರ್ ಬೆಲೆ ಲೆಕ್ಕ ಹಾಕ್ತಾರೆ, ಜಗಳ ಆಗದೆ ಇನ್ನೇನಾಗುತ್ತೆ.

ಇದ್ರ ಜೊತೆಗೆ ಅದೇ ರೂಲ್ಸಲ್ಲಿ "ವೈಯಕ್ತಿಕ ಬಳಕೆ ವಸ್ತು" ಅನ್ನೋದರಿಂದ ಒಡವೆನ ಹೊರಗಿಟ್ಟಿದ್ರು. ಹಾಗಂದ್ರೆ ಕತ್ತಲ್ಲಿರೋ ಕರಿಮಣಿ ಏನು? ವಿದೇಶಿ ಪ್ರವಾಸಿಯೊಬ್ಬರ ಕೇಸಲ್ಲಿ, ಬೆಲೆಬಾಳೋದು ಅಂದ ಮಾತ್ರಕ್ಕೆ ಸ್ವಂತ ಒಡವೆ ಕಳ್ಳಸಾಗಣೆ ಆಗಲ್ಲ ಅನ್ನೋ ನಿಲುವನ್ನ ಸುಪ್ರೀಂ ಕೋರ್ಟ್ 2017ರಲ್ಲಿ ತಗೊಂಡಿತ್ತು. ಆಮೇಲೆ ದೆಹಲಿ ಹೈಕೋರ್ಟ್ ಕೂಡ ಹಾಕ್ಕೊಂಡು ಬಳಸಿದ ಒಡವೆ ಬೇರೆ, ಮಾರೋಕೆ ತಂದಿದ್ದು ಬೇರೆ ಅಂತ ಹಲವು ಕೇಸಲ್ಲಿ ಬಿಡಿಸಿ ಹೇಳ್ತು. ಕೋರ್ಟಿಗೆ ಹೋಗೋಷ್ಟು ತಾಳ್ಮೆ, ದುಡ್ಡು ಇದ್ದವರಿಗೆ ಒಡವೆ ವಾಪಸ್ ಸಿಕ್ತು. ಉಳಿದವರು ದಂಡ ಕಟ್ಟಿ ಮನೆಗೆ ಬಂದ್ರು.

2026ರ ಫೆಬ್ರವರಿಯಲ್ಲಿ ಮತ್ತೆ ಹೊಸ ರೂಲ್ಸ್ ಬಂತು, ಒಡವೆಗೆ ಬೆಲೆ ಮಿತಿ ತೆಗೆದು ಬರೀ ತೂಕ ಉಳಿಸಿದ್ರು, ಬೇರೆ ಸಾಮಾನಿನ ಮಿತಿ ಐವತ್ತರಿಂದ ಎಪ್ಪತ್ತೈದು ಸಾವಿರಕ್ಕೆ ಏರ್ತು. ಒಳ್ಳೇದೇ, ತಡವಾದ್ರೂ. ಆದ್ರೆ ಒಡವೆ ರಿಯಾಯಿತಿ ಈಗಲೂ ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೇ. ಐದು ದಿನ ಸಿಂಗಾಪುರ ನೋಡ್ಕೊಂಡು ಬರೋರು ಕೈಲಿರೋ ಬಳೆ ಇಲ್ಲಿಂದಲೇ ತಗೊಂಡು ಹೋಗಿದ್ದು ಅಂತ ತೋರಿಸ್ಬೇಕಾದ್ರೆ, ಹೊರಡುವಾಗಲೇ ಕಸ್ಟಮ್ಸ್‌ಗೆ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಂಡಿರಬೇಕು. ರಾತ್ರಿ ಎರಡು ಗಂಟೆ ಫ್ಲೈಟಿಗೆ ನಿದ್ದೆಗಣ್ಣಿನ ಮಕ್ಕಳನ್ನ ಎತ್ಕೊಂಡು ಓಡೋರಲ್ಲಿ ಎಷ್ಟು ಜನ ಆ ಕೌಂಟರ್ ಹುಡುಕ್ಕೊಂಡು ಹೋಗ್ತಾರೆ ಹೇಳಿ.