ಬೆಸಿಲಿಕಾ ಅಂದರೆ ಏನು?

ಬೆಂಗಳೂರಿನ ಶಿವಾಜಿನಗರದಲ್ಲಿ ಎತ್ತರದ ಗೋಪುರದ ಚರ್ಚ್ ಇದೆಯಲ್ಲ, ಅದರ ಹೆಸರು ಸೇಂಟ್ ಮೇರಿಸ್ ಬೆಸಿಲಿಕಾ. ಬೆಸಿಲಿಕಾ ಅಂದರೆ ತುಂಬ ದೊಡ್ಡ ಚರ್ಚ್ ಅಂತ ಹಲವರು ತಿಳಿದಿದ್ದಾರೆ. ಆದರೆ ಗಾತ್ರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಮೈಸೂರಿನ ಸೇಂಟ್ ಫಿಲೋಮಿನಾ ಎಷ್ಟು ಭವ್ಯವಾಗಿದೆ ಅಲ್ವಾ? ಅದು ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ಪೀಠ ಇರುವ ಚರ್ಚ್. ಬೆಂಗಳೂರಿನಲ್ಲಿ ಆ ಸ್ಥಾನ ಕೋಲ್ಸ್ ಪಾರ್ಕ್ ಹತ್ತಿರದ ಸೇಂಟ್ ಫ್ರಾನ್ಸಿಸ್ ಝೇವಿಯರ್ ಚರ್ಚಿನದು.

ಬೆಸಿಲಿಕಾ ಅನ್ನುವುದು ಪೋಪ್ ಕೊಡುವ ಗೌರವ. ಹಳೆಯ ರೋಮನ್ನರು ನ್ಯಾಯ ತೀರ್ಮಾನಕ್ಕೆ, ವ್ಯಾಪಾರದ ಮಾತುಕತೆಗೆ ಕಟ್ಟುತ್ತಿದ್ದ ಉದ್ದನೆಯ ಸಭಾಂಗಣಗಳಿಗೆ ಈ ಹೆಸರಿತ್ತು. 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ದೊರೆಯ ಬೆಂಬಲ ಸಿಕ್ಕಾಗ ಕ್ರೈಸ್ತರು ಅದೇ ಮಾದರಿಯಲ್ಲಿ ಚರ್ಚ್ ಕಟ್ಟಿದರು, ಹೆಸರೂ ಜೊತೆಗೆ ಬಂತು. ಈಗ ಮೇಜರ್ ಅಂದರೆ ಹಿರಿಯ ಬೆಸಿಲಿಕಾಗಳು ನಾಲ್ಕೇ, ಎಲ್ಲವೂ ರೋಮ್ ಮತ್ತು ವ್ಯಾಟಿಕನ್‌ನಲ್ಲಿವೆ. ಉಳಿದವು ಕಿರು ಬೆಸಿಲಿಕಾಗಳು. ಕೆಂಪು–ಹಳದಿ ಪಟ್ಟೆಗಳ ರೇಷ್ಮೆ ಕೊಡೆ ಮತ್ತು ಒಂದು ಗಂಟೆ ಈ ಗೌರವದ ಗುರುತುಗಳು.

ಈ ಪಟ್ಟ ಸುಮ್ನೆ ಸಿಗುವುದಿಲ್ಲ. ಚರ್ಚಿಗೆ ಇತಿಹಾಸ ಇರಬೇಕು, ಪೂಜೆ ಚೆನ್ನಾಗಿ ನಡೆಯಬೇಕು, ಜನರ ಭಕ್ತಿ ಇರಬೇಕು. ಶಿವಾಜಿನಗರದಲ್ಲಿ ಮೂರೂ ಇವೆ. 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇಲ್ಲಿ ಚಿಕ್ಕದೊಂದು ಪ್ರಾರ್ಥನಾ ಮಂದಿರ ಕಟ್ಟಿಸಿದರು. ಕನ್ನಡನಾಡಿನ ಜನ ಅವರನ್ನು ‘ದೊಡ್ಡ ಸ್ವಾಮಿಯೋರು’ ಎಂದು ಕರೆಯುತ್ತಿದ್ದರು. ಆಗ ಈ ಜಾಗ ಬ್ಲ್ಯಾಕ್‌ಪಳ್ಳಿ. ಚೂಪು ಕಮಾನುಗಳ ಗಾಥಿಕ್ ಶೈಲಿಯ ಈಗಿನ ಕಟ್ಟಡ 1882ರಲ್ಲಿ ಮುಗಿಯಿತು. 1970ರ ದಶಕದಲ್ಲಿ ಪೋಪ್ ಆರನೇ ಪೌಲ್ ಅದನ್ನು ಕಿರು ಬೆಸಿಲಿಕಾ ಮಾಡಿದರು.

ಭಕ್ತಿ ಎಷ್ಟಿದೆ ಎಂದು ನೋಡಲು ಸೆಪ್ಟೆಂಬರ್ 8ಕ್ಕೆ ಹೋಗಬೇಕು. ಅಂದು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಆಗಸ್ಟ್ 29ಕ್ಕೇ ಬಾವುಟ ಏರಿರುತ್ತದೆ, ದಿನವೂ ನೊವೆನಾ, ಅಂದರೆ ಒಂಬತ್ತು ದಿನಗಳ ವಿಶೇಷ ಪ್ರಾರ್ಥನೆ, ನಡೆಯುತ್ತದೆ. ಹರಕೆ ಹೊತ್ತ ಹೆಂಗಸರು ಕಾವಿ ಸೀರೆ ಉಟ್ಟು ಬರುತ್ತಾರೆ. ಸಂಜೆ ತೇರು ಹೊರಟರೆ ಬೀದಿಯಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ನಿಂತಿರುತ್ತಾರೆ. ನನಗೆ ಆ ಗೋಪುರಕ್ಕಿಂತ ಈ ಜನಸಂದಣಿಯೇ ಜಾಸ್ತಿ ಇಷ್ಟ.

ಕಾರ್ಕಳ ಹತ್ತಿರದ ಅತ್ತೂರಿನ ಸೇಂಟ್ ಲಾರೆನ್ಸ್ ಚರ್ಚಿಗೂ 2016ರಲ್ಲಿ ಇದೇ ಗೌರವ ಸಿಕ್ಕಿತು. ಅದು ನಗರದ ಚರ್ಚಲ್ಲ, ಆದರೆ ಅಲ್ಲಿನ ವಾರ್ಷಿಕ ಹಬ್ಬಕ್ಕೆ ಸೇರುವ ಜನ ಯಾವ ನಗರಕ್ಕೂ ಕಡಿಮೆಯಿಲ್ಲ.